ಅಮ್ಮನ ಫೋಟೊವನ್ನು ಚಿತ್ರ ಮಾಡಲು ಹೊರಟಾಗ

ಮೇ 31ಕ್ಕೆ ಅಮ್ಮನಿಗೆ ನಿವೃತ್ತಿ. ಬ್ರಹ್ಮಾವರದ ಹತ್ತಿರದ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಅವರು ಟೀಚರ್. ಬೀಳ್ಕೊಡುಗೆಗೆ ಎಂತ ಕೊಡುವುದು ಎಂದು ಹಳೆ ವಿದ್ಯಾರ್ಥಿಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿ ದೀಪ ಎಲ್ಲ ಬಂದು ಹೋದವು. ಕೊನೆಗೆ "ಟೀಚರದ್ದೊಂದು ಚಿತ್ರ ಮಾಡಿಸುವ. ಫೋಟೊ ಅಲ್ಲ, ಬಿಡಿಸಿದ ಚಿತ್ರ" ಎಂದು ತೀರ್ಮಾನವಾಯಿತು. ದೊಡ್ಡದೊಂದು ಫ್ರೇಮಿಗೆ, ಅದರದ್ದೇ ಸಣ್ಣ ಕಾರ್ಡು ಬಂದವರಿಗೆಲ್ಲ.

ಪರಿಚಯದ ಕಲಾವಿದರೊಬ್ಬರನ್ನು ಕೇಳಿದರಂತೆ. ಮೇ ತಿಂಗಳು ಪೂರ್ತಿ ಮದುವೆ ಮಂಟಪದ ಕೆಲಸ, ಜೂನ್ ಮೇಲೆ ಬನ್ನಿ ಅಂದರಂತೆ. ಹಾಗೆ ಕೆಲಸ ನನ್ನ ತಲೆಗೆ ಬಂತು. "ಅಕ್ಕ, ನಿಮಗೆ ಕಂಪ್ಯೂಟರ್ ಬರ್ತದಲ್ಲ?" ಬರುತ್ತದೆ, ಎಕ್ಸೆಲ್ ಬರುತ್ತದೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವಳು. ಚಿತ್ರ ಬಿಡಿಸಿದ್ದು ಶಾಲೆಯಲ್ಲಿ, ಅದೂ ಗುಡ್ಡ, ಸೂರ್ಯ, ತೆಂಗಿನ ಮರ. ಆದರೂ ಒಪ್ಪಿಕೊಂಡೆ. ಈಗ ಎಲ್ಲ ಮುಗಿದಿದೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಸ್ವಲ್ಪ ತಲೆನೋವು ಕಡಿಮೆಯಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲ ಕಷ್ಟ ಫೋಟೊದ್ದು. ಸಾಫ್ಟ್‌ವೇರಿನದ್ದಲ್ಲ. ಅಮ್ಮ ಮೂವತ್ತು ವರ್ಷಕ್ಕೂ ಜಾಸ್ತಿ ಮಕ್ಕಳ ಗ್ರೂಪ್ ಫೋಟೊದಲ್ಲಿ ನಿಂತವರು. ಆದರೆ ಅವರೊಬ್ಬರದ್ದೇ ಒಳ್ಳೆಯ ಫೋಟೊ ಹುಡುಕಿದರೆ ಸಿಕ್ಕಿದ್ದು ಆಧಾರ್ ಕಾರ್ಡಿನದ್ದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗೇ ಇಲ್ಲ ಬಿಡಿ. ಆಮೇಲೆ ಚಿಕ್ಕಮ್ಮನ ಮಗನ ಮದುವೆಯದ್ದೊಂದು ಸಿಕ್ಕಿತು. ಉಡುಪಿ ಕೈಮಗ್ಗದ ಚೌಕುಳಿ ಸೀರೆ, ತಲೆಯಲ್ಲಿ ಮಲ್ಲಿಗೆ, ಯಾರಿಗೋ ಏನೋ ಹೇಳುತ್ತಾ ಅರ್ಧ ನಗು. ನೋಡಿದ ಕೂಡಲೇ ಇದೇ ಅಂತ ಗೊತ್ತಾಯಿತು.

ಆದರೆ ಅದು ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದ ಫೋಟೊ. ವಾಟ್ಸಾಪು ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ಕುಗ್ಗಿಸಿಬಿಡುತ್ತದೆ. ದೊಡ್ಡದು ಮಾಡಿ ನೋಡಿದರೆ ಕೆನ್ನೆ ತುಂಬ ಚೌಕ ಚೌಕ. ಕಣ್ಣು ಎಲ್ಲಿ ಮುಗಿದು ಕನ್ನಡಕ ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುವುದಿಲ್ಲ. ಮೂಲ ಯಾರ ಫೋನಿನಲ್ಲಿದೆ ಎಂದು ಪತ್ತೆ ಮಾಡುವುದೇ ಒಂದು ಕೆಲಸವಾಯಿತು. ಕೊನೆಗೆ ತೆಗೆದದ್ದು ಮದುಮಗಳ ತಮ್ಮ, ಅವನಿರುವುದು ದುಬೈಯಲ್ಲಿ ಎಂದು ಗೊತ್ತಾಯಿತು. ಅವನಿಗೆ ರಜೆಯ ದಿನ ಬಿಡುವಾಗುವವರೆಗೆ ಕಾದೆ. "ಫೋಟೊ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು" ಎಂದು ಹೇಳಿದ ಮೇಲೆ ಸರಿಯಾದದ್ದು ಬಂತು. ನಿಮ್ಮಲ್ಲೂ ಯಾರಾದರೂ ಕಳಿಸುವುದಿದ್ದರೆ ಇದನ್ನು ಮೊದಲೇ ಹೇಳಿಬಿಡಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಬರುತ್ತದೆ.

ಕಾಯುವ ಹೊತ್ತಿನಲ್ಲಿ ಇನ್ನೊಂದು ದಾರಿ ನೋಡೋಣ ಎಂದು ಅಮ್ಮನ ಫೋನಿನ ಸೆಲ್ಫಿಗಳನ್ನೂ ತೆಗೆದಿದ್ದೆ. ಒಂದು ಚೆನ್ನಾಗಿಯೇ ಇತ್ತು. ಅಮ್ಮ ಒಂದೇ ಸಲ ನೋಡಿ "ಇದು ಆಗ್ಲಿಕ್ಕಿಲ್ಲ, ಸೆರಗು ಆಚೆ ಹೆಗಲಲ್ಲಿ ಉಂಟು" ಅಂದರು. ಹೌದಲ್ವಾ! ಮೂಗುತಿಯೂ ಆಚೆ ಬದಿಗೆ ಹೋಗಿತ್ತು. ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಇಡುತ್ತವೆ. ಸಾಫ್ಟ್‌ವೇರಿನಲ್ಲಿ ಫ್ಲಿಪ್ ಮಾಡಿದರೆ ಸರಿಯಾಗುತ್ತದೆ. ಆದರೆ ನೋಡಿ ಹೇಳಲು ಮನೆಯವರೇ ಬೇಕು.

ಈ ನಡುವೆ ಎಲ್ಲರದ್ದೂ ಒಂದೇ ಉಪದೇಶ. "ಎಐಗೆ ಕೊಡು ಮಾರಾಯ್ತಿ, ಒಂದು ನಿಮಿಷದಲ್ಲಿ ಆಗ್ತದೆ." ಅಮ್ಮನನ್ನು ಕೇಳಿಯೇ ಕೊಟ್ಟೆ. ಆಯಿತು ಕೂಡ, ಒಂದು ನಿಮಿಷವೂ ಬೇಕಾಗಲಿಲ್ಲ. ಬಣ್ಣ, ಬೆಳಕು ಎಲ್ಲ ಚಂದ. ಆದರೆ ಅದು ಅಮ್ಮ ಅಲ್ಲ. ಅಮ್ಮನ ಸೀರೆ ಉಟ್ಟ ಬೇರೆ ಯಾರೋ. ಬಣ್ಣ ಬೆಳ್ಳಗಾಗಿತ್ತು, ಗಲ್ಲ ಚೂಪಾಗಿತ್ತು, ವಯಸ್ಸು ಹದಿನೈದು ವರ್ಷ ಇಳಿದಿತ್ತು. ಮಲ್ಲಿಗೆ ಹೋಗಿ ಯಾವುದೋ ದೊಡ್ಡ ಬಿಳಿ ಹೂ ಬಂದಿತ್ತು. ಮತ್ತೆ ಮತ್ತೆ ಹೇಳಿ ಮಾಡಿಸಿದೆ, ಪ್ರತಿ ಸಲವೂ ಬೇರೆ ಬೇರೆ ಹೆಂಗಸರು ಬಂದರು. ಅಮ್ಮನಿಗೆ ತೋರಿಸಿದಾಗ "ಯಾರಿದು? ಪಾಪ, ಚಂದ ಇದ್ದಾರೆ" ಎಂದರು. ಬೇರೆ ಕೆಲಸಕ್ಕೆ ಅದು ಆದೀತು. ಮಕ್ಕಳು ದೂರದಿಂದಲೇ "ಟೀಚರ್" ಎಂದು ಗುರುತು ಹಿಡಿಯಬೇಕಾದ ಕೆಲಸಕ್ಕೆ ಆಗುವುದಿಲ್ಲ ಎಂದು ಬಿಟ್ಟೆ.

ಹಾಗೆ ಜಿಂಪ್‌ಗೆ ಬಂದೆ. ಫೋಟೊ ತಿದ್ದಲು, ಚಿತ್ರ ಬಿಡಿಸಲು 1996ರಿಂದ ಇರುವ ಉಚಿತ ಸಾಫ್ಟ್‌ವೇರ್ ಇದು. ಚಂದಾ ಇಲ್ಲ, ಕ್ರ್ಯಾಕ್ ಹುಡುಕುವ ಗೋಜಿಲ್ಲ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಒಂದು ಅನುಕೂಲ ಉಂಟು. ಹಾಕಿದ ಫಿಲ್ಟರನ್ನು ಆಮೇಲೆ ತೆಗೆಯಬಹುದು, ಬದಲಾಯಿಸಬಹುದು. ಕಲಿಯುವವರಿಗೆ ಇದು ದೊಡ್ಡ ಸಂಗತಿ. ಫೋಟೊಶಾಪ್ ಇದ್ದವರು ಅದರಲ್ಲೇ ಮಾಡಿ, ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು), ಪಾತ್ (ಚುಕ್ಕಿ ಇಟ್ಟು ಎಳೆಯುವ ಗೆರೆ), ಪೋಸ್ಟರೈಸ್ (ಬಣ್ಣಗಳನ್ನು ಕೆಲವೇ ಮಟ್ಟಕ್ಕೆ ಇಳಿಸುವುದು) ಎಲ್ಲ ಅದರಲ್ಲೂ ಇದೆ, ಹೆಸರೂ ಹೆಚ್ಚುಕಡಿಮೆ ಅದೇ.

ಎಲ್ಲರಂತೆ ನಾನೂ ಮೊದಲು ಫಿಲ್ಟರ್ ಮೆನುವಿಗೇ ಹೋದೆ. ಆರ್ಟಿಸ್ಟಿಕ್ ಎಂಬುದರ ಒಳಗೆ ಕಾರ್ಟೂನ್, ಆಯಿಲಿಫೈ, ಫೋಟೊಕಾಪಿ ಎಂದೆಲ್ಲ ಇದೆ. ಕಾರ್ಟೂನ್ ಒತ್ತಿದರೆ ಮುಖದಲ್ಲಿ ಎಲ್ಲೆಲ್ಲಿ ಸ್ವಲ್ಪ ಕಪ್ಪಿದೆಯೋ ಅಲ್ಲೆಲ್ಲ ಗೆರೆ ಕಪ್ಪಾಯಿತು. ಕಣ್ಣಿನ ಕೆಳಗೆ, ಮೂಗಿನ ಬದಿ, ಬಾಯಿಯ ಎರಡೂ ಕಡೆ. ನಗುತ್ತಿದ್ದ ಅಮ್ಮ ಯಕ್ಷಗಾನದ ರಾಕ್ಷಸರ ಬಣ್ಣದ ವೇಷವಾಗಿ ಎದುರು ನಿಂತರು. ಫಿಲ್ಟರಿಗೆ ಸುಕ್ಕು ಯಾವುದು, ನೆರಳು ಯಾವುದು, ನಗುವಿನ ಗೆರೆ ಯಾವುದು ಎಂದು ತಿಳಿಯುವುದಿಲ್ಲ. ಎಲ್ಲವನ್ನೂ ಒಂದೇ ಕಪ್ಪಿನಲ್ಲಿ ಬರೆದುಬಿಡುತ್ತದೆ.

ಆದರೆ ಒಂದು ಫಿಲ್ಟರ್ ನಿಜವಾಗಿ ಕೆಲಸಕ್ಕೆ ಬಂತು, ಪೋಸ್ಟರೈಸ್. ಚಿತ್ರ ಮಾಡಿಕೊಡಲಿಕ್ಕಲ್ಲ, ನೋಡಲು ಕಲಿಸಲಿಕ್ಕೆ. ಫೋಟೊ ಲೇಯರನ್ನು ನಕಲು ಮಾಡಿ, ಬಣ್ಣ ತೆಗೆದು, ಮೀಡಿಯನ್ ಬ್ಲರ್ ಹಾಕಿ ಚರ್ಮದ ಸಣ್ಣ ಕಲೆಗಳನ್ನೆಲ್ಲ ಕರಗಿಸಿ, ಆಮೇಲೆ ಪೋಸ್ಟರೈಸನ್ನು 4ಕ್ಕೆ ಇಳಿಸಿದೆ. ಮುಖ ನಾಲ್ಕು ಬಗೆಯ ಬೂದು ಬಣ್ಣದ ತುಂಡುಗಳಾಗಿ ಒಡೆಯಿತು. ಹಣೆಯ ಬೆಳಕು ಒಂದು ದೊಡ್ಡ ತುಂಡು. ಎಡ ಕೆನ್ನೆಯಿಂದ ಗಲ್ಲದವರೆಗೆ ನೆರಳು ಒಂದೇ ತುಂಡು. ಕುತ್ತಿಗೆ ಬಹುತೇಕ ಪೂರ್ತಿ ನೆರಳು. ಇಷ್ಟು ವರ್ಷ ನೋಡಿದ ಮುಖದಲ್ಲಿ ಮೂಗಿಗೆ ಗೆರೆಯೇ ಇಲ್ಲ, ಕೆಳಗೆ ಒಂದು ಚೂರು ನೆರಳು ಮಾತ್ರ ಎಂದು ಆವತ್ತೇ ನೋಡಿದ್ದು.

ಚಿತ್ರ ಅಮ್ಮನ ಹಾಗೆ ಕಾಣುವುದು ಈ ತುಂಡುಗಳ ಆಕಾರದಿಂದ. ಗೆರೆಗಳಿಂದಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಈಗ ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಅಳತೆ. ಎ3 ಹಾಳೆಗೆ 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) 3508 ಗುಣಿಸು 4961 ಪಿಕ್ಸೆಲ್ ಬೇಕು. ಅಷ್ಟು ದೊಡ್ಡ ಖಾಲಿ ಹಾಳೆಯನ್ನು ಶುರುವಿನಲ್ಲೇ ತೆರೆದು, ಫೋಟೊವನ್ನು ಅದಕ್ಕೆ ತಕ್ಕ ಹಾಗೆ ಹಿಗ್ಗಿಸಿ ಎಲ್ಲಕ್ಕಿಂತ ಕೆಳಗೆ ಇಟ್ಟುಕೊಳ್ಳಿ. ಫೋಟೊ ಮಸುಕಾದರೂ ತೊಂದರೆಯಿಲ್ಲ, ಅದರ ಮೇಲೆ ಬರೆಯುವ ಆಕಾರಗಳು ಸ್ಪಷ್ಟವಾಗಿರುತ್ತವೆ. ಸಣ್ಣದರಲ್ಲಿ ಬರೆದು ಕೊನೆಗೆ ಹಿಗ್ಗಿಸಿದರೆ ಅಂಚೆಲ್ಲ ಹರಿದ ಹಾಗೆ ಕಾಣುತ್ತದೆ. ಇಂಕ್‌ಸ್ಕೇಪಿನಂಥ ವೆಕ್ಟರ್ ಸಾಫ್ಟ್‌ವೇರಿನಲ್ಲಿ ಈ ಚಿಂತೆ ಇಲ್ಲ, ಅದು ಆಕಾರಗಳನ್ನು ಪಿಕ್ಸೆಲ್ ಬದಲು ಗಣಿತದ ಗೆರೆಯಾಗಿ ಇಡುವುದರಿಂದ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಕಟೌಟು, ಬ್ಯಾನರು ಮಾಡುವವರು ಅದರಲ್ಲೇ ಮಾಡುವುದು ಒಳ್ಳೆಯದು.

ಫೋಟೊವನ್ನು ಅರ್ಧ ಮಸುಕು ಮಾಡಿ, ಲೇಯರಿಗೆ ಬೀಗ ಹಾಕಿ, ಮೇಲೆ ಹೊಸ ಹೊಸ ಲೇಯರಿನಲ್ಲಿ ಪಾತ್ ಟೂಲಿನಿಂದ ಒಂದೊಂದು ತುಂಡಿನ ಸುತ್ತ ಚುಕ್ಕಿ ಇಡುತ್ತಾ ಹೋಗಬೇಕು. ಚುಕ್ಕಿ ಇಟ್ಟು ಎಳೆದರೆ ಗೆರೆ ಬಾಗುತ್ತದೆ. ಸುತ್ತು ಮುಚ್ಚಿದ ಮೇಲೆ ಅದನ್ನು ಸೆಲೆಕ್ಷನ್ ಮಾಡಿ ಬಣ್ಣ ತುಂಬುವುದು. ಚುಕ್ಕಿ ಕಡಿಮೆಯಿದ್ದಷ್ಟೂ ಗೆರೆ ಚಂದ ಬರುತ್ತದೆ. ಪಕ್ಕದ ಮನೆಯ ಹುಡುಗ ಮಣಿಪಾಲದಲ್ಲಿ ಓದುತ್ತಾನೆ, ಅವನ ಪೆನ್ ಟ್ಯಾಬ್ಲೆಟ್ ಎರವಲು ತಂದಿದ್ದೆ. ಕೂದಲಿಗೆ, ಹೂವಿಗೆ ಅದು ಚೆನ್ನಾಗಿ ಒದಗಿತು. ಮುಖದ ಆಕಾರಗಳಿಗೆ ಮೌಸೇ ಸಾಕಾಯಿತು. ಇದಕ್ಕೆಂದೇ ದುಡ್ಡು ಕೊಟ್ಟು ಟ್ಯಾಬ್ಲೆಟ್ ಕೊಳ್ಳುವ ಅಗತ್ಯ ಇಲ್ಲ.

ಇನ್ನೊಂದು ಮಾತು. ಜಿಂಪ್ ತಾನಾಗಿ ಸೇವ್ ಮಾಡುತ್ತಾ ಹೋಗುವುದಿಲ್ಲ. ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಸಿಡಿಲು ಹೇಗಿರುತ್ತದೆ ಎಂದು ಗೊತ್ತಲ್ಲ, ಆಕಾಶ ಕಪ್ಪಾದ ಕೂಡಲೇ ಅಮ್ಮ ಬಂದು ಚಾರ್ಜರಿನ ಪ್ಲಗ್ ಕಿತ್ತು ಹೋಗುತ್ತಾರೆ. ನನ್ನ ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷ ತಡೆಯುವುದೇ ಕಷ್ಟ. ಹಾಗಾಗಿ ಒಂದೊಂದು ತುಂಡು ಮುಗಿದ ಕೂಡಲೇ ಕಂಟ್ರೋಲ್ ಎಸ್. ಫೈಲು ಎಕ್ಸ್‌ಸಿಎಫ್ ಆಗಿಯೇ ಇರಲಿ, ಅದು ಜಿಂಪಿನದ್ದೇ ಫೈಲು, ಆಗ ಲೇಯರುಗಳು ಉಳಿಯುತ್ತವೆ.

ಮುಖದ ಬಣ್ಣಕ್ಕೆ ನಾನು ಮೂರೇ ಬಣ್ಣ ಇಟ್ಟುಕೊಂಡೆ. ನಡುವಿನದ್ದು ಫೋಟೊದ ಕೆನ್ನೆಯಿಂದಲೇ ಎತ್ತಿದ ಗೋಧಿಗಂದು. ನೆರಳಿಗೆ ಅದಕ್ಕೆ ಕಪ್ಪು ಬೆರೆಸಿದರೆ ಮುಖ ಮಸಿ ಮೆತ್ತಿದ ಹಾಗೆ ಕಾಣುತ್ತದೆ, ಸ್ವಲ್ಪ ಕೆಂಪಿನ ಕಡೆಗೆ ಸರಿಸಿದರೆ ಜೀವ ಬರುತ್ತದೆ. ಬೆಳಕಿಗೂ ಬಿಳಿ ಬೆರೆಸಬೇಡಿ, ಹಳದಿಯ ಕಡೆಗೆ ಹೋಗಿ. ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬರು "ಟೀಚರನ್ನು ಸ್ವಲ್ಪ ಬೆಳ್ಳಗೆ ಮಾಡಬಹುದಿತ್ತು" ಎಂದರು. ಉತ್ತರ ಕೊಡುವ ಕೆಲಸ ನನಗೆ ಬರಲಿಲ್ಲ, ಅವರದ್ದೇ ಬ್ಯಾಚಿನ ಹುಡುಗಿಯರು ಸರಿಯಾಗಿ ಕೊಟ್ಟರು.

ಕನ್ನಡಕದ್ದೇ ಒಂದು ಅಧ್ಯಾಯ. ಫೋಟೊದಲ್ಲಿ ಬಲಗಣ್ಣಿನ ಗಾಜಿನ ಮೇಲೆ ಮಂಟಪದ ಲೈಟು ಬಿದ್ದು ಅರ್ಧ ಕಣ್ಣು ಕಾಣುವುದೇ ಇಲ್ಲ. ಕನ್ನಡಕ ತೆಗೆದೇ ಬಿಡಿಸಲಾ ಎಂದು ಕೇಳಿದೆ. "ಕನ್ನಡಕ ಇಲ್ಲದ ನನ್ನನ್ನು ಒಂದು ಮಗುವೂ ನೋಡಿಲ್ಲ" ಎಂದರು ಅಮ್ಮ. ಕೊನೆಗೆ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅವರನ್ನು ಅದೇ ಕೋನಕ್ಕೆ ನಿಲ್ಲಿಸಿ, ಕನ್ನಡಕವನ್ನು ಒಂಚೂರು ಕೆಳಗೆ ಬಾಗಿಸಿ, ಕಣ್ಣುಗಳದ್ದಷ್ಟೇ ಫೋಟೊ ತೆಗೆದೆ. ಅದನ್ನು ನೋಡಿ ಕಣ್ಣು ಬರೆದೆ. ಮೇಲಿನ ರೆಪ್ಪೆ ಮಾತ್ರ ದಪ್ಪ, ಕೆಳಗಿನದ್ದು ಇಲ್ಲವೆನ್ನುವಷ್ಟು ತೆಳು. ಕಪ್ಪುಗುಡ್ಡೆಯಲ್ಲಿ ಒಂದೇ ಬಿಳಿ ಚುಕ್ಕಿ, ಎರಡೂ ಕಣ್ಣಿನಲ್ಲಿ ಒಂದೇ ಬದಿಗೆ. ಆ ಚುಕ್ಕಿ ಇಟ್ಟ ಕೂಡಲೇ ಚಿತ್ರ ನನ್ನನ್ನು ನೋಡಿತು. ರಾತ್ರಿ ಒಂದು ಗಂಟೆ ದಾಟಿತ್ತು, ಎದ್ದು ಹೋಗಿ ಅಮ್ಮನನ್ನು ಎಬ್ಬಿಸಬೇಕು ಅನ್ನಿಸಿತು. ಎಬ್ಬಿಸಲಿಲ್ಲ, ಬೈತಾರೆ.

ಹಲ್ಲಿನ ನಡುವೆ ಗೆರೆ ಹಾಕಬೇಡಿ. ನಗು ಹೋಗಿ ಹಲ್ಲು ಮಾತ್ರ ಉಳಿಯುತ್ತದೆ. ಬಿಳಿಯ ಒಂದೇ ಪಟ್ಟಿ ಸಾಕು, ಅದೂ ಪೂರ್ತಿ ಬಿಳಿ ಬೇಡ. ಕೂದಲನ್ನೂ ಎಳೆ ಎಳೆಯಾಗಿ ಬಿಡಿಸುವುದು ಬೇಡ. ಒಂದು ಕಪ್ಪು ಆಕಾರ, ಮೇಲೆ ಹೊಳಪಿನ ಎರಡು ಮೂರು ಪಟ್ಟಿ, ಕಿವಿಯ ಹತ್ತಿರ ಬಿಳಿಗೂದಲಿನ ಕೆಲವು ಎಳೆ. ಬಿಳಿಗೂದಲು ಬೇಕೇ ಬೇಡವೇ ಎಂದು ಮನೆಯಲ್ಲಿ ಮತಭೇದವಿತ್ತು. ಅಪ್ಪ ಬೇಕೆಂದರು, ಉಳಿಯಿತು. ಕಣ್ಣಿನ ಬದಿಯ ಸುಕ್ಕನ್ನು ಕಪ್ಪಿನಲ್ಲಿ ಬರೆಯದೆ ನೆರಳಿನ ಬಣ್ಣದಲ್ಲೇ ತೆಳುವಾಗಿ ಎಳೆದೆ. ಪೂರ್ತಿ ತೆಗೆದಾಗ ನಗುವೇ ಹೋಗಿತ್ತು.

ಗೆರೆ ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನಾನು ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆ. 1911ರಲ್ಲಿ ನಮ್ಮ ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಕುಣಿಯುವವರನ್ನು ನಾಲ್ಕೈದು ಗೆರೆಯಲ್ಲಿ ಹಿಡಿದಿದ್ದಾರೆ. ಅವರ ಗೆರೆ ಎಷ್ಟೋ ಕಡೆ ಮುಗಿಯುವುದೇ ಇಲ್ಲ, ಉಳಿದದ್ದನ್ನು ಕಣ್ಣು ತುಂಬಿಕೊಳ್ಳುತ್ತದೆ. ಆ ಮಟ್ಟದ್ದು ನನ್ನಿಂದ ಎಲ್ಲಿ ಆಗಬೇಕು! ಆದರೂ ಅದನ್ನು ನೋಡಿದ ಮೇಲೆ ಗಲ್ಲದ ಕೆಳಗಿನ ಗೆರೆ ಅಳಿಸಿದೆ, ಬೆಳಕಿನ ಕಡೆಯ ಕೆನ್ನೆಯ ಅಂಚಿನದ್ದೂ ಅಳಿಸಿದೆ. ಮುಖ ಉಸಿರಾಡಿದ ಹಾಗಾಯಿತು.

ಅತಿ ಹೆಚ್ಚು ಹೊತ್ತು ತಿಂದದ್ದು ಮುಖವಲ್ಲ, ಸೀರೆ. ಚೌಕುಳಿಯನ್ನು ನೇರವಾಗಿ ಅಂಟಿಸಿದರೆ ಟೇಬಲ್ ಕ್ಲಾತ್ ಹೊದ್ದ ಹಾಗೆ ಕಾಣುತ್ತದೆ. ಮಡಿಕೆ ಎಲ್ಲಿ ಬಾಗುತ್ತದೋ ಅಲ್ಲಿ ಚೌಕವೂ ಬಾಗಬೇಕು, ಮಡಿಕೆಯ ಒಳಗೆ ಹೋದಲ್ಲಿ ತುಂಡಾಗಬೇಕು. ಬೇರೆ ದಾರಿಯಿಲ್ಲದೆ ಒಂದೊಂದು ಮಡಿಕೆಗೆ ಬೇರೆ ಲೇಯರ್ ಮಾಡಿ, ವಾರ್ಪ್ ಟೂಲಿನಿಂದ ಬಗ್ಗಿಸಿದೆ. ಲ್ಯಾಪ್‌ಟಾಪು ಅಳುವುದಕ್ಕೆ ಶುರು ಮಾಡಿತು. ಸಮಯ ಕಡಿಮೆ ಇದ್ದವರು ಅಂಚಿರುವ ಸಾದಾ ಸೀರೆಯ ಫೋಟೊ ಆರಿಸಿಕೊಳ್ಳಿ. ಮಲ್ಲಿಗೆಗೆ ಮಾತ್ರ ಸುಲಭದ ಉಪಾಯ ಸಿಕ್ಕಿತು. ನಾಲ್ಕೈದು ಮೊಗ್ಗು ಬರೆದು ಅದನ್ನೇ ಬ್ರಶ್ ಮಾಡಿ, ಕೋನ ಬದಲಾಯಿಸುತ್ತಾ ಒತ್ತುತ್ತಾ ಹೋದೆ.

ಚಿತ್ರ ಮುಗಿಯಿತು ಎಂದುಕೊಂಡೆ. ಅಕ್ಷರ ಬಾಕಿ ಇತ್ತು. ಕೆಳಗೆ "ನಮ್ಮ ಅಕ್ಕರೆಯ ಟೀಚರಿಗೆ" ಎಂದು ಇರಬೇಕು. ಜಿಂಪಿನಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ. ನಾನು ಬಳಸಿದ್ದು ಬಾಲೂ ತಮ್ಮ ಎಂಬ ಉಚಿತ ಫಾಂಟು, ಗುಂಡಗುಂಡಗೆ ಚಂದ ಇದೆ. ಆದರೆ ಕಾರ್ಡಿನ ಹಿಂದಿನ ಬರಹವನ್ನು ಉಡುಪಿಯ ಪ್ರಿಂಟಿಂಗ್ ಅಂಗಡಿಯಲ್ಲೇ ಹಾಕುವುದೆಂದು ಮಾತಾಗಿತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಯೂನಿಕೋಡ್ ಬರಹ ತೆರೆದರೆ ಒತ್ತಕ್ಷರಗಳೆಲ್ಲ ಬಿಚ್ಚಿ ಪಕ್ಕಕ್ಕೆ ಬಂದು ಕೂತಿದ್ದವು. ಹಳೆಯ ಆವೃತ್ತಿಯ ಸಾಫ್ಟ್‌ವೇರು, ಅದರಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದರಷ್ಟೇ ಸರಿ ಬರುವುದು. "ನಾವು ಮತ್ತೆ ಟೈಪ್ ಮಾಡ್ತೇವೆ, 200 ರೂಪಾಯಿ ಆಗ್ತದೆ" ಎಂದರು. ಮಾಡಿಸಿದೆ. ಪ್ರೂಫನ್ನು ಅಮ್ಮನಿಗೇ ತೋರಿಸಿದೆ. ಅವರು ಚಿತ್ರ ನೋಡಲೇ ಇಲ್ಲ, ಪೆನ್ನು ತೆಗೆದು "ನಿವೃತಿ" ಎಂದಿದ್ದಲ್ಲಿ ಒಂದು ತ-ಒತ್ತು ಹಾಕಿದರು.

ಇದಕ್ಕೆ ಪರಿಹಾರ ಸುಲಭ. ಬರಹವನ್ನೂ ನೀವೇ ಹಾಕಿ, ಅಕ್ಷರಗಳನ್ನು ಚಿತ್ರವಾಗಿ ಬದಲಾಯಿಸಿಯೇ ಕೊಡಿ. ಜಿಂಪಿನಿಂದ ಪಿಎನ್‌ಜಿ ಮಾಡಿದರೆ ತಾನಾಗಿ ಹಾಗಾಗುತ್ತದೆ. ಇಂಕ್‌ಸ್ಕೇಪಿನಲ್ಲಾದರೆ ಆಬ್ಜೆಕ್ಟ್ ಟು ಪಾತ್. ಫೋಟೊಶಾಪಿನ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರ ಒಡೆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ ನೋಡಿ.

ಪ್ರಿಂಟಿಂಗಿಗೆ ಮೇ ತಿಂಗಳು ಒಳ್ಳೆಯ ತಿಂಗಳಲ್ಲ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಆಟದ ಹ್ಯಾಂಡ್‌ಬಿಲ್ಲು, ಎಲ್ಲ ಒಟ್ಟಿಗೆ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಮಧ್ಯಾಹ್ನದವರೆಗೆ ಸ್ಟೂಲಿನಲ್ಲಿ ಕೂರುವುದು. "ಕೋರಲ್ ಫೈಲ್ ಉಂಟಾ?" ಎಂದು ಮೊದಲ ಪ್ರಶ್ನೆ, ಅಂಗಡಿಯವರು ಬಳಸುವ ಕೋರಲ್‌ಡ್ರಾ ಸಾಫ್ಟ್‌ವೇರಿನದ್ದು. ಇಲ್ಲ, ಪಿಡಿಎಫ್ ಮತ್ತು ಪಿಎನ್‌ಜಿ ಇದೆ ಎಂದೆ, ನಡೆಯಿತು. ಎ4ನಲ್ಲಿ ಒಂದು ಟ್ರಯಲ್ ತೆಗೆಸಿದ್ದು 25 ರೂಪಾಯಿಗೆ. ಆ 25 ರೂಪಾಯಿ ಉಳಿದ ಎಲ್ಲವನ್ನೂ ಉಳಿಸಿತು. ಸ್ಕ್ರೀನಿನಲ್ಲಿ ಬೆಚ್ಚಗೆ ಕಾಣುತ್ತಿದ್ದ ಕುತ್ತಿಗೆಯ ನೆರಳು ಹಾಳೆಯಲ್ಲಿ ಹೆಚ್ಚುಕಡಿಮೆ ಕಪ್ಪು. ಸೀರೆಯ ಹಸಿರು ಸಪ್ಪೆ. ಸ್ಕ್ರೀನು ಬೆಳಕು ಚೆಲ್ಲಿ ಬಣ್ಣ ತೋರಿಸುತ್ತದೆ, ಹಾಳೆಯ ಮೇಲೆ ಶಾಯಿ ಮಾತ್ರ ಇರುವುದು, ಅಷ್ಟು ಹೊಳೆಯುವ ಹಸಿರು ಶಾಯಿಗೆ ಬರುವುದಿಲ್ಲ. ಮನೆಗೆ ಬಂದು ಕರ್ವ್ಸ್‌ನಲ್ಲಿ ನೆರಳಿನ ಲೇಯರುಗಳನ್ನಷ್ಟೇ ತಿಳಿ ಮಾಡಿದೆ. ಲೇಯರು ಬೇರೆ ಬೇರೆ ಇದ್ದದ್ದಕ್ಕೆ ಅರ್ಧ ಗಂಟೆಯ ಕೆಲಸ.

ಖರ್ಚು ಕೇಳುವವರಿಗೆ: ಸಾಫ್ಟ್‌ವೇರಿಗೆ ಸೊನ್ನೆ. ದಪ್ಪ ಆರ್ಟ್ ಕಾರ್ಡಿನಲ್ಲಿ ಎ3 ಪ್ರಿಂಟಿಗೆ 60 ರೂಪಾಯಿ, ಸಣ್ಣ ಕಾರ್ಡು ಒಂದಕ್ಕೆ 9 ರೂಪಾಯಿ, ಫ್ರೇಮಿಗೆ 750. ನೀವು ಹೋಗುವ ಅಂಗಡಿಯಲ್ಲಿ ಹೆಚ್ಚು ಕಡಿಮೆ ಇರಬಹುದು. ಬಸ್ಸಿನ ಖರ್ಚು, ಕಾಯುವಾಗ ತಿಂದ ಗೋಳಿಬಜೆಯ ಖರ್ಚು ಹಿಡಿದಿಲ್ಲ.

ಬೀಳ್ಕೊಡುಗೆಯ ದಿನ ಚಿತ್ರವನ್ನು ವೇದಿಕೆಯ ಬದಿಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು. ಬಟ್ಟೆ ತೆಗೆದಾಗ ಒಂದನೇ ಕ್ಲಾಸಿನದ್ದೊಂದು ಮಗು ದೊಡ್ಡ ದನಿಯಲ್ಲಿ "ಟೀಚರ್ ಎರಡು ಉಂಟು!" ಎಂದಿತು. ಭಾಷಣಗಳು ಉದ್ದವಿದ್ದವು, ಅದನ್ನು ಬರೆಯುವುದಿಲ್ಲ.

ಫ್ರೇಮಿನ ಬಗ್ಗೆ ಒಂದು ಮಾತು ಮಾತ್ರ ಸೇರಿಸುತ್ತೇನೆ, ಏಕೆಂದರೆ ಈಗ ಮಳೆ ಶುರುವಾಗಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ತಾಗಿಸಿ ಕೂರಿಸಿದ ಪ್ರಿಂಟು ತೇವಕ್ಕೆ ಅಂಟಿಕೊಳ್ಳುತ್ತದೆ, ಬೂಸ್ಟು ಬರುತ್ತದೆ. ಗಾಜಿಗೂ ಹಾಳೆಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಲು, ಹಿಂದಿನ ಬದಿಯ ಸಂದುಗಳಿಗೆ ಸುತ್ತಲೂ ಟೇಪು ಹಾಕಲು ಫ್ರೇಮಿನವರಿಗೆ ಮೊದಲೇ ಹೇಳಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ನಾವು ನಡುಕೋಣೆಯ ಗೋಡೆಗೆ ಹಾಕಿದ್ದೇವೆ. ಲೇಯರುಗಳಿರುವ ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಇಟ್ಟಿದ್ದೇನೆ, ಯಾಕೆಂದರೆ ಕಾರ್ಡು ಸಿಗದವರು ಈಗಲೂ ಕೇಳುತ್ತಿದ್ದಾರೆ.